ದೊರೆಗಳ ಹಾವಿಗೆ ತುಂಬಿದ ಉಡಿ

"ಯವ್ವಾ, ಆ ದೊರಿಗೋಳ ಹಾವಿಗೆ ನಾ ಉಡಿ ತುಂಬಿ ಕಳಿಸೀನಿ ನೋಡು," ಎಂದಳು ಲಕ್ಕವ್ವ.

ಶಂಕ್ರೆವ್ವ ಜೋಳ ಕೇರುತ್ತಿದ್ದಳು. ಮೊರ ಒಂದು ಸಲ ಮೇಲೆದ್ದು ಕೆಳಗೆ ಬಂತು. ಮತ್ತೆ ಏಳಲಿಲ್ಲ.

"ಏನ ತುಂಬಿದಿ?"

"ಅದ, ನನ್ನ ಕುಬಸದಾಗ ತುಂಬಿದ್ರಲ್ಲ, ಆ ಉಡ್ಯಾಗಿಂದು. ಒಂದ ಹಿಡಿ ಅಕ್ಕಿ, ಅರಿಷಿಣ ಕೊಂಬು, ಉತ್ತತ್ತಿ, ಕೊಬ್ಬರಿ ಬಟ್ಟಲಾ. ನೀ ಎಣ್ಣಿ ತರಾಕ ಹೋಗುವಾಗ ಅದರ ಹೊಟ್ಟಿ ಮುಚ್ಚು ಅಂತ ಹೇಳಿದ್ದೆಲ್ಲ? ಬರೇ ಕಣಕಿ ತುರುಕಿ ಮುಚ್ಚಾಕ ನನಗ ಕೈ ಬರಲಿಲ್ಲ."

"ಅದೇನ ಕೌದ್ಯೇನ ಲಕ್ಕಿ, ಉಡಿ ತುಂಬಾಕ?"

"ಕೌದಿಗಾದ್ರ ಹೊಚ್ಚಗೊಳ್ಳವ್ರ ಇರ್ತಾರ. ಇದು ಸಾಯಾಕ ಹೊಂಟೈತಿ ಬೇ. ಹಸಕೊಂಡ ಯಾಕ ಹೋಗಬೇಕು?" ಲಕ್ಕವ್ವ ಕಂಬಕ್ಕೆ ಬೆನ್ನು ಕೊಟ್ಟು, ತುಂಬಿದ ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು ನಕ್ಕಳು.

"ಚಲೋ ಮಾಡಿದಿ," ಎಂದಳು ಶಂಕ್ರೆವ್ವ.

ಎರಡು ಬಸಿರು ಕಳೆದುಕೊಂಡ ಮಗಳ ಎದುರಿಗೆ ತಾಯಿಯ ಮುಖದ ಮೇಲೆ ಏನು ಕಾಣಬೇಕು, ಏನು ಕಾಣಬಾರದು ಎಂಬುದನ್ನು ಅವಳು ಈ ಕೆಲವು ತಿಂಗಳಲ್ಲಿ ಕಲಿತಿದ್ದಳು. ಬಬಲೇಶ್ವರದ ಗಂಡನ ಮನೆಯಲ್ಲಿ ಸೀಮಂತದ ಕುಬಸ ಮುಗಿಸಿ ಮಗಳನ್ನು ತವರಿಗೆ ಕರೆದುಕೊಂಡು ಬರುವಾಗ, ಬೀಗಿತ್ತಿ ಗಾಡಿಯ ಗಾಲಿ ಹಿಡಿದು ನಿಂತು, "ಈ ಸಲ ಕೂಸಿನ ಕೂಡ ಬರ್ಲಿ. ಇಲ್ಲಂದ್ರ ನಮ್ಮ ಹುಡಗಗ ನಾವೂ ಒಂದ ಹಾದಿ ನೋಡಬೇಕಾಕ್ಕೈತಿ," ಎಂದಿದ್ದಳು. ಅದನ್ನು ಲಕ್ಕವ್ವ ಕೇಳಿಸಿಕೊಂಡಿದ್ದಳೋ ಇಲ್ಲವೋ ಶಂಕ್ರೆವ್ವನಿಗೆ ಗೊತ್ತಿರಲಿಲ್ಲ. ತಾಯಿ ಮಗಳು ಆ ಮಾತು ಆಡಿರಲಿಲ್ಲ. ಕಳೆದ ಎರಡು ಕೂಸುಗಳ ಮಾತನ್ನೂ ಆಡಿರಲಿಲ್ಲ.

ಶಂಕ್ರೆವ್ವ ಮೊರವನ್ನು ಗೋಡೆಗೆ ಒರಗಿಸಿ ಎದ್ದಳು. "ವಿಜಾಪುರಕ್ಕ ಹೋಗಿ ಬರ್ತೀನಿ. ಬಂಗಲೇದ ಬಾಯಾರು ಸೀರಿ ಕೊಡ್ತೀನಿ ಅಂದಿದ್ರು, ಇವತ್ತ ಹೋದ್ರ ಕೈಗೆ ಬಂದಾವು."

"ಇಂಥ ಬಿಸಲಾಗ?"

"ಮೋಟಾರದಾಗ ಹೋಗ್ತೀನಿ. ಮಜ್ಜಗಿ ಕುಡದ ಮಲಗು."

ಅಂಗಳ ದಾಟುವವರೆಗೆ ನಿಧಾನವಾಗಿ ನಡೆದಳು. ಮಗಳ ಕಣ್ಣಿಗೆ ಮರೆಯಾದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಓಡಿದಳು.

*

ಶಂಕ್ರೆವ್ವ ಕೌದಿ ಹೊಲಿಯುವವಳು. ಹಳೆಯ ಸೀರೆ, ಹರಿದ ಧೋತರ, ಕೂಸಿನ ಕುಂಚಿಗೆ, ಯಾವುದಾದರೂ ಆದೀತು; ತೇಪೆಗೆ ತೇಪೆ ಕೂಡಿಸಿ, ಇರುವೆ ಸಾಲಿನಂಥ ಹೊಲಿಗೆ ಹಾಕಿ ಹೊದಿಕೆ ಮಾಡುತ್ತಿದ್ದಳು. ಅವಳ ತಾಯಿಯ ಕಾಲದಿಂದ ಮನೆತನದಲ್ಲಿ ಒಂದು ನೇಮವಿತ್ತು. ಕೌದಿಯ ಕೊನೆಯ ತೇಪೆಯನ್ನು ಬರಿದೆ ಮುಚ್ಚಬಾರದು. ಒಳಗೊಂದು ರೊಟ್ಟಿಯ ಚೂರೋ ನಾಲ್ಕು ಕಾಳೋ ಇಟ್ಟು ಉಡಿ ತುಂಬಿ, ಆಮೇಲೆ ಹೊಲಿಯಬೇಕು. ಉಡಿ ತುಂಬಿದ ಕೌದಿಯನ್ನು ಯಾರೂ ಕತ್ತರಿಸುತ್ತಿರಲಿಲ್ಲ. ಹರಿದು ಚಿಂದಿಯಾದರೂ ಅದರ ಮೇಲೆ ಇನ್ನೊಂದು ಪದರು ಹಾಕಿ ಹೊಲಿಯುತ್ತಿದ್ದರೇ ಹೊರತು ಬಿಚ್ಚುತ್ತಿರಲಿಲ್ಲ.

ಹಿಂದಿನ ವರ್ಷ ರಸ್ತೆ ಕೆಲಸ ನೋಡಲು ತಿಕೋಟಾಕ್ಕೆ ಬಂದ ಇಂಜಿನಿಯರ್ ಹಾರ್ಟ್ಲಿ ಸಾಹೇಬರ ಹೆಂಡತಿ, ಗೋಡೆಯ ಮೇಲೆ ಒಣಹಾಕಿದ್ದ ಕೌದಿಯನ್ನು ಕಂಡು ಮೋಟಾರು ನಿಲ್ಲಿಸಿದ್ದರು. ಅವರ ಹೆಸರು ಗ್ವೆನ್. ವಿಜಾಪುರಕ್ಕೆ ಬಂದು ಬಹಳ ವರ್ಷವಾಗಿತ್ತು. ಪೇಟೆಯ ಹೆಂಗಸರಿಂದ ಕಲಿತ ಕನ್ನಡವನ್ನು ತಡೆತಡೆದು ಮಾತಾಡುತ್ತಿದ್ದರು. ಆಮೇಲೆ ಬಂಗಲೆಯ ಹೊಲಿಗೆಯೆಲ್ಲ ಶಂಕ್ರೆವ್ವನಿಗೇ ಬರತೊಡಗಿತು.

ಈ ಸಲ ಬಂದದ್ದು ವಿಚಿತ್ರ ಕೆಲಸ. ಗ್ವೆನ್ ಬಾಯಿ ಒಂದು ಚಿತ್ರ ತೋರಿಸಿದ್ದರು. ಕುದುರೆಯ ಮೇಲೆ ಕೂತ ಗಂಡಸು, ಎದೆಯ ಮೇಲೆ ಕೆಂಪು ಶಿಲುಬೆ, ಕೈಯಲ್ಲಿ ಭರ್ಚಿ. ಕುದುರೆಯ ಕಾಲ ಕೆಳಗೆ ಬಾಯಿ ತೆರೆದುಕೊಂಡ ಒಂದು ಪ್ರಾಣಿ.

"ಇವರು ಸಂತ ಜಾರ್ಜ್," ಎಂದಿದ್ದರು ಗ್ವೆನ್ ಬಾಯಿ. "ಇಂಗ್ಲಿಷ್ ಜನರ ಸಂತ. ಏಪ್ರಿಲ್ ತಿಂಗಳದಾಗ ಅವರ ದಿನ. ಎಲ್ಲಾರು ಅಂಗಿಗೆ ಕೆಂಪು ಗುಲಾಬಿ ಹಚ್ಚತಾರ. ಬಾವುಟ ಏರಸ್ತಾರ. ಊಟ, ಹಾಡು. ಸಾಹೇಬರು ಈ ಸಲ ನಾಟಕಾನೂ ಬೇಕು ಅಂತಾರ. ಅವರ ತಮ್ಮ ಯುದ್ಧದಾಗ ತೀರಿಕೊಂಡ್ರು. ಅದಕ್ಕ ಈ ಸಲ ದೊಡ್ಡದು ಮಾಡಬೇಕಂತ."

"ಸಂತ ಅಂದ್ರ ಶರಣ ಅಲ್ಲೇನ್ರಿ ಬಾಯಾರ? ಶರಣನ ಕೈಯಾಗ ಭರ್ಚಿ ಯಾಕ?"

"ಈ ಪ್ರಾಣಿ ಕೊಲ್ಲಾಕ. ಅದು ಊರಿನ ರಾಜಕುಮಾರೀನ ತಿನ್ನಾಕ ಬಂದಿತ್ತು. ರಾಜಕುಮಾರಿ ಪಾತ್ರ ನನ್ನದು."

"ನಿಮ್ಮ ಹಬ್ಬದಾಗ ನಿಮಗ ಗುಲಾಬಿ ಹೂವರ ಇರ್ತಾವು ಬಿಡ್ರಿ."

ಗ್ವೆನ್ ಬಾಯಿ ತಲೆ ಅಲ್ಲಾಡಿಸಿದ್ದರು. "ನನ್ನ ಹಬ್ಬ ಅಲ್ಲ ಅದು. ನಾ ಇಂಗ್ಲಿಷ್ ಅಲ್ಲ. ನಮ್ಮದು ವೇಲ್ಸ್ ಅಂತ ನಾಡು, ನಮ್ಮ ಮಾತು ಬ್ಯಾರೆ. ನಮ್ಮ ಸಂತನ ಹಬ್ಬಕ್ಕ ನಾವು ಉಳ್ಳಾಗಡ್ಡಿ ಜಾತಿದು ಒಂದು ಕಾಯಿಪಲ್ಯ ಎದಿಗೆ ಹಚ್ಕೋತೀವಿ."

"ಉಳ್ಳಾಗಡ್ಡೀನ!" ಶಂಕ್ರೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಿದ್ದಳು. ಬಿಳಿಯರಲ್ಲೂ ಇಂಥವರು ಅಂಥವರು ಎಂಬುದಿದೆಯೆಂದು ಅವಳಿಗೆ ಅಂದೇ ತಿಳಿದದ್ದು.

ನಕ್ಕಳು, ಆದರೆ ಚಿತ್ರದ ಮೇಲಿನ ಕಣ್ಣು ತೆಗೆದಿರಲಿಲ್ಲ. ಮೈಮೇಲೆ ಹುರುಪೆ, ಉದ್ದ ಬಾಲ. ಹಾವೇ ಇದು. ಬಸುರಿ ಇದ್ದ ಮನೆಯಲ್ಲಿ ಹಾವು ಕಂಡರೆ ಕೈಮುಗಿದು ದಾರಿ ಬಿಡುತ್ತಾರೆ. ಗಂಡಸರು ಬಡಿಗೆ ಮುಟ್ಟುವುದಿಲ್ಲ. ಅಂಥದರಲ್ಲಿ ಚುಚ್ಚಿಸಿಕೊಂಡು ಸಾಯಲೆಂದೇ ಒಂದು ಹಾವು ಹೊಲಿದುಕೊಡುವುದು ಹೇಗೆ? ಆಮೇಲೆ ಕಾಲುಗಳು ಕಂಡವು, ರೆಕ್ಕೆಗಳು ಕಂಡವು. ಹೆಡೆ ಇರಲಿಲ್ಲ. ಕಾಲಿದ್ದದ್ದು ನಾಗಪ್ಪನಲ್ಲ ಎಂದು ತನಗೆ ತಾನೇ ಹೇಳಿಕೊಂಡಳು. ಯುದ್ಧದಿಂದಾಗಿ ಪೇಟೆಯಲ್ಲಿ ಅರಿವೆ ಸಿಗುತ್ತಿರಲಿಲ್ಲ. ಕೂಲಿಯ ಬದಲಿಗೆ ಮಗಳ ಬಾಣಂತನಕ್ಕೆ ಎರಡು ಹೊಸ ಸೀರೆ ಕೊಡುವುದಾಗಿ ಗ್ವೆನ್ ಬಾಯಿ ಹೇಳಿದ್ದರು. ಒಪ್ಪಿಕೊಂಡಳು.

ಒಪ್ಪಿಕೊಂಡರೂ ಒಂದು ಎಚ್ಚರ ಇಟ್ಟುಕೊಂಡಿದ್ದಳು. ಹಸಿರು ಸೀರೆಗಳ ತೇಪೆ ಕೂಡಿಸಿ, ಇಬ್ಬರು ಆಳು ಒಳಗೆ ನಿಂತು ಹೊರುವಷ್ಟು ದೊಡ್ಡದಾಗಿ ಮೈ ಹೊಲಿದಳು. ನಡುವೆ ಜೋಳದ ಒಣದಂಟಿನ ಕಣಕಿ ತುಂಬಿದ ಹೊಟ್ಟೆ ಜೋತುಬೀಳುವಂತೆ ಮಾಡಿದಳು. ಉಡಿ ಮಾತ್ರ ತುಂಬಲಿಲ್ಲ. ತುಂಬದಿದ್ದರೆ ಅದು ಬರೀ ಅರಿವೆ, ಬರೀ ಕಣಕಿ. ಅದನ್ನು ಭರ್ಚಿಯಿಂದ ಚುಚ್ಚಿದರೇನು, ಬೆಂಕಿಗೆ ಹಾಕಿದರೇನು.

ಈಗ ಬಸುರಿ ಮಗಳು ತನ್ನ ಒಡಲಿಗೆಂದು ಬಂದ ಉಡಿಯನ್ನು ತೆಗೆದು ಅದರ ಒಡಲಿಗೆ ಇಟ್ಟಿದ್ದಳು. ಬಂಗಲೆಯ ಗಾಡಿ ಹಾವನ್ನು ಆಗಲೇ ಒಯ್ದಾಗಿತ್ತು; ಇಂದು ಸಂಜೆ ಆ ಒಡಲಿಗೇ ಭರ್ಚಿ ಬೀಳುವುದಿತ್ತು.

*

ಅಥಣಿ ಕಡೆಯಿಂದ ಬರುವ ಮೋಟಾರು ಇದ್ದಲಿಯ ಮೇಲೆ ಓಡುತ್ತಿತ್ತು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿ, ಬಸ್ಸಿನ ಹಿಂದೆ ಒಂದು ಒಲೆ ಕಟ್ಟಿದ್ದರು. ಏರು ಬಂದಲ್ಲೆಲ್ಲ ಬಸ್ಸು ನಿಲ್ಲುತ್ತಿತ್ತು. ಡ್ರೈವರ್ ಇಳಿದು ಒಲೆ ಕೆದಕಿ, ಗಾಳಿ ತಿರುವಿ, ಬೀಡಿ ಹಚ್ಚಿಕೊಂಡು ಕಾಯುತ್ತಿದ್ದ.

"ಲಗೂ ಬಿಡೋ ಯಪ್ಪಾ," ಎಂದಳು ಶಂಕ್ರೆವ್ವ.

"ಅದರ ಹೊಟ್ಟಿಗೆ ಬಿದ್ದರಲ್ಲೇನ ಅಕ್ಕಾ ಅದು ನಡಿಯೋದು? ನಿಂದೇನ ಮದವಿ ಮುಹೂರ್ತ ತಪ್ಪಾಕತ್ತೈತೇನ?"

ಹಿಂದೆ ಕೂತವರು ನಕ್ಕರು. ಕೋಳಿ ಹಿಡಿದುಕೊಂಡು ಕೂತಿದ್ದ ಮುದುಕನೊಬ್ಬ, "ಆಕಿ ಮುಖಾ ನೋಡ್ರೋ, ಮನ್ಯಾಗ ಯಾರಿಗರ ಜಡ್ಡ ಇರಬೇಕು," ಎಂದ. ನಗು ನಿಂತಿತು. ಆ ಮುದುಕ ಹಾಗೆ ಅನ್ನದೆ ಇದ್ದಿದ್ದರೆ ಒಳ್ಳೆಯದಿತ್ತು ಅನ್ನಿಸಿತು ಶಂಕ್ರೆವ್ವನಿಗೆ. ಜಡ್ಡು ಎಂಬ ಮಾತು ಮನೆಯವರೆಗೆ ನಡೆದುಹೋಗಿ ಬಾಗಿಲು ತಟ್ಟಿದಂತಾಯಿತು. ಲಕ್ಕವ್ವ ಮಲಗಿದ್ದಾಳೋ? ನೀರಿಗೆಂದು ಭಾವಿಗೆ ಹೋಗಿದ್ದಾಳೋ? ಹಿಂದಿನ ಸಲವೂ ಇಂಥದೇ ಬಿಸಿಲು. ಇಂಥದೇ ಮಧ್ಯಾಹ್ನ ಮಗಳು ನಗುತ್ತ ಕೊಡ ಎತ್ತಿದ್ದಳು.

ಇಬ್ರಾಹಿಂ ರೋಜಾದ ಮಿನಾರುಗಳು ಕಾಣುವ ಹೊತ್ತಿಗೆ ಬಿಸಿಲು ಇಳಿಮುಖವಾಗಿತ್ತು. ಬಂಗಲೆ ಊರಿನ ಆ ತುದಿಗೆ, ಸ್ಟೇಷನ್ನಿನ ಕಡೆಗೆ. ಶಂಕ್ರೆವ್ವ ಪೇಟೆಯ ನಡುವೆ, ಕೈಗಾಡಿಗಳ ಸಂದಿಯಲ್ಲಿ, ಯಾರನ್ನು ಹಾಯುತ್ತಿದ್ದೇನೆಂದೂ ನೋಡದೆ ನಡೆದಳು.

ಗೇಟಿನಲ್ಲಿ ಕಾವಲುಗಾರ ಕಾಸಿಮಸಾಬ ಕೋಲು ಅಡ್ಡ ಹಿಡಿದ. ಅವನ ರುಮಾಲಿಗೂ ಯಾರೋ ಒಂದು ಕೆಂಪು ಕಾಗದದ ಗುಲಾಬಿ ಸಿಕ್ಕಿಸಿದ್ದರು.

"ಇವತ್ತ ಹೊರಗಿನವರನ್ನ ಬಿಡಬ್ಯಾಡಂತ ಹುಕುಂ ಐತಿ. ಗದ್ದಲದ ದಿನಾ ನೋಡಬೇ, ಗಾಂಧಿ ಮಂದಿ ಬಂದಾರು ಅಂತ ಸಾಹೇಬರಿಗೆ ಅಂಜಿಕಿ."

"ನಾ ಗಾಂಧಿ ಮಂದಿ ಹಂಗ ಕಾಣ್ತೀನೇನೋ? ಆ ಹಾವ ಹೊಲದಾಕಿ ನಾ."

"ಹೊಲದೀಯಲ್ಲ, ಮುಗೀತಲ್ಲ."

"ಅದರ ಹೊಟ್ಟಿ ಹರದೈತಂತ. ಹೊಲೀಬೇಕು."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಬೇರೆ ಯಾವ ಸುಳ್ಳೂ ಸಿಗಲಿಲ್ಲವೇ ತನಗೆ? ಕಾಸಿಮಸಾಬ ಕೋಲು ಎತ್ತಿದ. ಅವಳು ಬಾಯೊಳಗೇ 'ಹಂಗಲ್ಲ, ಹಂಗಲ್ಲ' ಎನ್ನುತ್ತ ಹಿತ್ತಲಿನ ಕಡೆಗೆ ಓಡಿದಳು.

*

ಹಿತ್ತಲ ಜಗಲಿಯ ಮೇಲೆ ಹಾವು ಬಿದ್ದುಕೊಂಡಿತ್ತು. ಮಾಲಿ ಮಲಂಗಸಾಬ ಅದರ ತಲೆಯನ್ನು ಮಡಿಲಲ್ಲಿಟ್ಟುಕೊಂಡು ಬಾಯಿಗೆ ಕೆಂಪು ಕಾಗದದ ನಾಲಿಗೆ ಅಂಟಿಸುತ್ತಿದ್ದ. ಗಾಡಿ ಹೊಡೆಯುವ ರಾಮಲಿಂಗ ಬಾಲದ ಕಡೆ ಕೂತಿದ್ದ. ತಲೆಗೆ ಮಲಂಗಸಾಬ, ಬಾಲಕ್ಕೆ ರಾಮಲಿಂಗ. ಒಳಗೆ ಹೊಕ್ಕು ಹೊರುವವರು ಅವರಿಬ್ಬರೇ.

"ಬಾ ಅಕ್ಕಾ, ನಿನ್ನ ಮಗನ್ನ ನೋಡಾಕ ಬಂದೇನ?" ಎಂದ ಮಲಂಗಸಾಬ.

ಶಂಕ್ರೆವ್ವ ಮಂಡಿಯೂರಿ ಹೊಟ್ಟೆಯನ್ನು ತಡವಿದಳು. ಕಣಕಿಯ ಮೆತ್ತನೆಯ ನಡುವೆ ಗಟ್ಟಿಯಾಗಿ, ದುಂಡಗೆ, ಕೊಬ್ಬರಿ ಬಟ್ಟಲು ಕೈಗೆ ಸಿಕ್ಕಿತು. ಸೂಲಗಿತ್ತಿ ಬಸುರಿಯ ಹೊಟ್ಟೆ ಮುಟ್ಟಿ ಕೂಸಿನ ತಲೆ ಹುಡುಕುವುದೂ ಹೀಗೆಯೇ. ಕೈ ಹಿಂದಕ್ಕೆ ತೆಗೆದಳು.

"ಬಾಯಾರನ್ನ ಕರಿ ಮಲಂಗಣ್ಣಾ. ಲಗೂ."

ಗ್ವೆನ್ ಬಾಯಿ ಬಂದರು. ಬಿಳಿಯ ಉದ್ದನೆಯ ನಿಲುವಂಗಿ, ನಡುವಿಗೆ ನೀಲಿ ಪಟ್ಟಿ, ತಲೆಯ ಮೇಲೆ ಬಂಗಾರದ ಬಣ್ಣದ ಕಾಗದದ ಕಿರೀಟ. ಎಲ್ಲರ ಎದೆಯಲ್ಲೂ ಇದ್ದ ಗುಲಾಬಿ ಅವರ ಎದೆಯಲ್ಲಿ ಇರಲಿಲ್ಲ. ಶಂಕ್ರೆವ್ವ ಹೇಳಿದಳು. ಮಗಳ ಹೊಟ್ಟೆ, ಹಾವಿನ ಹೊಟ್ಟೆ, ಉಡಿ, ಹಿಂದಿನ ಎರಡು ಕೂಸು, ಬಬಲೇಶ್ವರದ ಬೀಗಿತ್ತಿ. ಒಂದರ ಹಿಂದೊಂದು, ಉಸಿರು ತೆಗೆದುಕೊಳ್ಳದೆ ಹೇಳಿದಳು. ಹೇಳುತ್ತ ಹೇಳುತ್ತ ನಾಚಿಕೆಯಾಯಿತು. ಇದನ್ನೆಲ್ಲ ಮಗಳ ಎದುರಿಗೆ ಹೇಳಲಾರದವಳು ಪರನಾಡಿನ ಹೆಂಗಸಿನ ಮುಂದೆ ಹೇಳುತ್ತಿದ್ದಳು.

ಗ್ವೆನ್ ಬಾಯಿ ನಗಲಿಲ್ಲ. ಮೂಢನಂಬಿಕೆ ಎನ್ನಲೂ ಇಲ್ಲ. ಒಳಗೆ ಹೋಗಿ ಕತ್ತರಿ ತಂದರು.

"ತೆಗಿರಿ. ಇನ್ನೂ ವ್ಯಾಳೆ ಐತಿ. ನಾ ಬಾಗಲದಾಗ ನಿಂದರತೀನಿ."

ಶಂಕ್ರೆವ್ವ ಕತ್ತರಿ ಹಿಡಿದಳು. ಮಗಳು ಹಾಕಿದ ಹೊಲಿಗೆ ಕಂಡಿತು. ಆ ಹೊಲಿಗೆಯನ್ನು ಕಲಿಸಿದವಳು ತಾನೇ. ಎಲ್ಲೂ ದಾರ ಸಡಿಲಬಿಡದೆ, ಗಂಟನ್ನು ಒಳಮೈಗೆ ಮರೆಸಿ ಮುಚ್ಚಿದ್ದಳು. ಮೊದಲ ಹೊಲಿಗೆಯ ಕೆಳಗೆ ಕತ್ತರಿಯ ತುದಿ ತೂರಿಸಿದಳು. ಅಷ್ಟೇ. ಕೈ ಮುಂದೆ ಹೋಗಲಿಲ್ಲ.

ಹೊರಗೆ ಯಾರೋ ಶಿಳ್ಳೆ ಹಾಕಿದರು. ಕುದುರೆ ಕೆನೆಯಿತು.

"ಏನಾತು?"

"ತುಂಬಿದ ಉಡಿ ತೆಗೆಯೋದ ಹೆಂಗ್ರಿ ಬಾಯಾರ?" ಎಂದಳು ಶಂಕ್ರೆವ್ವ. "ಸಾಹೇಬರು ಭರ್ಚಿಲೆ ಮಾಡೋದನ್ನ ನಾ ಕತ್ತರಿಲೆ ಮಾಡಿದಂಗ ಆಕ್ಕೈತಿ. ಅವರಾದ್ರ ಯಾರೋ. ನಾ ಹಡದ ತಾಯಿ."

ಕತ್ತರಿ ನೆಲಕ್ಕೆ ಬಿತ್ತು. ಮಲಂಗಸಾಬ ನಾಲಿಗೆ ಅಂಟಿಸುವುದನ್ನು ಬಿಟ್ಟು ಅವಳನ್ನೇ ನೋಡಿದ. ಉಡಿ ಒಳಗಿದ್ದರೆ ಭರ್ಚಿ, ಹೊರಗೆ ತೆಗೆದರೆ ತನ್ನ ಕೈ. ಮಧ್ಯಾಹ್ನದಿಂದ ಓಡಿ ಬಂದದ್ದು ಇಷ್ಟಕ್ಕೇ ಏನು ಎಂದು ಶಂಕ್ರೆವ್ವ ನೆಲಕ್ಕೆ ಕೂತಳು.

ಗ್ವೆನ್ ಬಾಯಿ ಕಿರೀಟ ತೆಗೆದು ಜಗಲಿಯ ಕಟ್ಟೆಯ ಮೇಲೆ ಇಟ್ಟು ಅವಳ ಪಕ್ಕದಲ್ಲಿ ಕುಳಿತರು. ಹಾವಿನ ಬೆನ್ನಿನ ತೇಪೆಗಳ ಮೇಲೆ ಕೈಯಾಡಿಸಿದರು.

"ನಿಮಗ ಒಂದು ಹೇಳಿಲ್ಲ. ಇದು ನಮ್ಮ ಜನರ ನಿಶಾನಿ. ವೇಲ್ಸ್ ನಾಡಿಂದು. ನಮ್ಮ ಬಾವುಟದ ಮ್ಯಾಲೆ ಇದ ಇರ್ತದ, ಕೆಂಪು ಬಣ್ಣದ್ದು. ನಮ್ಮಪ್ಪ ಮನೀ ಬಾಗಲಕ್ಕ ಇದನ್ನ ಕೆತ್ತಿದ್ರು." ಹಾವಿನ ಮಡಿಸಿದ ರೆಕ್ಕೆಯನ್ನು ನೆಟ್ಟಗೆ ಮಾಡುತ್ತ ಹೇಳಿದರು: "ವರ್ಷಾ ವರ್ಷಾ ಇವರು ಇದನ್ನ ಕೊಲ್ಲೋ ಹಬ್ಬ ಮಾಡ್ತಾರ. ನಾ ಕುರ್ಚಿ ಮ್ಯಾಲೆ ಕುಂತು ಚಪ್ಪಾಳಿ ಹೊಡೀತೀನಿ."

"ಸಾಹೇಬರಿಗೆ ಹೇಳಲಿಲ್ಲೇನ್ರಿ?"

"ಹೇಳೀನಿ. ನಗತಾರ. ಹುಡುಗಾಟದ ಮಾತು ಅಂತಾರ."

ಆಗ ಹಾರ್ಟ್ಲಿ ಸಾಹೇಬರೇ ಬಂದರು. ತಗಡಿನ ಎದೆಗವಚದ ಮೇಲೆ ಬಿಳಿ ಅಂಗಿ, ಅದರ ಮೇಲೆ ಶಂಕ್ರೆವ್ವನೇ ಹೊಲಿದ ಕೆಂಪು ಶಿಲುಬೆ. ಮುಖ ಬೆವರಿತ್ತು. ಇಂಗ್ಲಿಷಿನಲ್ಲಿ ಏನೋ ಕೇಳಿದರು. ಗ್ವೆನ್ ಬಾಯಿ ಎದ್ದು ನಿಂತು ಮೆಲ್ಲಗೆ ಬಹಳ ಹೊತ್ತು ಮಾತಾಡಿದರು. ಸಾಹೇಬರು ಮೊದಲು ನಕ್ಕರು. ಆಮೇಲೆ ಶಂಕ್ರೆವ್ವನನ್ನು ನೋಡಿದರು, ಹಾವನ್ನು ನೋಡಿದರು. ಕೊನೆಗೆ ಏರಿದ ದನಿಯಲ್ಲಿ ಒಂದೆರಡು ಮಾತು ಹೇಳಿ ಹೊರಟುಹೋದರು. ಹೋಗುವಾಗ ಅವರ ಗದ್ದ ನಡುಗುತ್ತಿತ್ತು. ಅದು ಸಿಟ್ಟೋ ಅಳುವೋ ಶಂಕ್ರೆವ್ವನಿಗೆ ಗೊತ್ತಾಗಲಿಲ್ಲ.

"ಏನಂದ್ರು?" ಎಂದು, ಬಂಗಲೆಯಲ್ಲಿದ್ದು ಇಂಗ್ಲಿಷ್ ತಿಳಿಯುತ್ತಿದ್ದ ಮಲಂಗಸಾಬನ ಕಿವಿಯಲ್ಲಿ ಕೇಳಿದಳು.

"'ನನ್ನ ತಮ್ಮಗ ಯಾರೂ ಕಥಿ ಬದಲ ಮಾಡಲಿಲ್ಲ. ಈ ಒಂದ ದಿನಾನರ ನಾ ಅಂದಂಗ ನಡೀಲಿ' ಅಂದ್ರು."

ಗ್ವೆನ್ ಬಾಯಿ ಕಿರೀಟ ಎತ್ತಿಕೊಂಡು ತಲೆಗಿಟ್ಟುಕೊಂಡರು. ಶಂಕ್ರೆವ್ವನ ಕಡೆ ನೋಡದೆ ಹೊರಗೆ ಹೋದರು.

"ಮಲಂಗಣ್ಣಾ," ಶಂಕ್ರೆವ್ವ ಅವನ ಕೈ ಹಿಡಿದಳು. "ಕೆಳಗ ಬೀಳಬ್ಯಾಡ. ಓಡಿ ಹೋಗಿಬಿಡು."

"ನಾ ಓಡಿದ್ರ ರಾಮಲಿಂಗ ಓಡಬೇಕು. ಅವನ ಕುಂಟ ಕಾಲ ನೋಡೀಯೋ ಇಲ್ಲೋ?" ಎಂದ ಮಲಂಗಸಾಬ. ಆಮೇಲೆ ನಗು ಬಿಟ್ಟು ಹೇಳಿದ: "ನನಗೂ ಹೆಣ್ಣಮಕ್ಕಳ ಅದಾವ ಅಕ್ಕಾ. ಆದಷ್ಟು ಹೊಟ್ಟಿ ಆ ಕಡಿ ಹೊರಳಸ್ತೀನಿ."

*

ಬಂಗಲೆಯ ಮುಂದೆ ಒಣಗಿದ ಹುಲ್ಲಿನ ಮೇಲೆ ಕುರ್ಚಿಗಳು. ವಿಜಾಪುರ, ಸೊಲ್ಲಾಪುರದಿಂದ ಬಂದ ದೊರೆಗಳು, ಅವರ ಹೆಂಡಿರು. ಎಲ್ಲರ ಎದೆಯ ಮೇಲೂ ಕೆಂಪು ಗುಲಾಬಿ. ಈ ಬಿಸಿಲಿಗೆ ಗಿಡದ ಹೂವು ಸಾಲದೆ ಅರ್ಧದಷ್ಟು ಕಾಗದದವು. ಕಂಬದ ಮೇಲೆ ಬಿಳಿ ಬಾವುಟ, ಅದರಲ್ಲಿ ಕೆಂಪು ಶಿಲುಬೆ. ಅಡುಗೆ ಮನೆಯಿಂದ ಮಾಂಸ ಸುಡುವ ವಾಸನೆ ಬರುತ್ತಿತ್ತು. ಶಂಕ್ರೆವ್ವ ಬೇವಿನ ಗಿಡದ ಮರೆಯಲ್ಲಿ ನಿಂತು ಸೆರಗಿನಿಂದ ಮೂಗು ಮುಚ್ಚಿಕೊಂಡಳು.

ಗ್ವೆನ್ ಬಾಯಿಯನ್ನು ಒಂದು ಗೂಟಕ್ಕೆ ಸಡಿಲವಾಗಿ ಕಟ್ಟಿದ್ದರು. ಹಾವು ಬಂತು. ಮಲಂಗಸಾಬ ತಲೆ ಅಲ್ಲಾಡಿಸಿದ, ರಾಮಲಿಂಗ ಬಾಲ ಬಡಿದ. ದೊರೆಸಾನಿಯರು ಹುಸಿಯಾಗಿ ಕಿರುಚಿದರು. ಎಲ್ಲರೂ ನಗುತ್ತಿದ್ದರು. ಸಾಹೇಬರ ಕುದುರೆ ಬಂಗಲೆಯ ಮೂಲೆ ತಿರುಗಿ ಬಂತು. ಅವರ ಕೈಯಲ್ಲಿದ್ದದ್ದು ನಾಟಕದ ಭರ್ಚಿಯಲ್ಲ, ಹಂದಿ ಬೇಟೆಯದು. ತುದಿ ಬಿಸಿಲಿಗೆ ಮಿಂಚಿತು. ಸಾಹೇಬರೊಬ್ಬರೇ ನಗುತ್ತಿರಲಿಲ್ಲ.

ಮೊದಲ ಸಲ ಕುದುರೆ ಹಾದುಹೋದಾಗ ಮಲಂಗಸಾಬ ಪಕ್ಕಕ್ಕೆ ಹೊರಳಿದ. ಭರ್ಚಿ ಬೆನ್ನನ್ನು ಸವರಿಕೊಂಡು ಹೋಯಿತು. ಪರ್ರನೆ ತೇಪೆ ಹರಿದ ಸಪ್ಪಳ ಶಂಕ್ರೆವ್ವನ ಕಿಬ್ಬೊಟ್ಟೆಯಲ್ಲಿ ಆಯಿತು. ತಿಕೋಟಾದ ಮನೆಯಲ್ಲಿ ಲಕ್ಕವ್ವ ಈಗ ಮಗ್ಗುಲು ಬದಲಿಸಿದಳೇ? ಬೆನ್ನು ಹಿಡಿದುಕೊಂಡಳೇ? ಮಗಳ ಹೆಸರನ್ನು ಬಾಯಿಗೆ ತರಲು ಸಹ ಹೆದರಿ, ಅವಳು ಗಿಡದ ತೊಗಟೆಯನ್ನು ಗಟ್ಟಿಯಾಗಿ ಹಿಡಿದಳು.

ಸಾಹೇಬರು ಕುದುರೆ ತಿರುಗಿಸಿದರು. ಈ ಸಲ ಭರ್ಚಿಯನ್ನು ಕೆಳಗೆ ಹಿಡಿದರು, ಹೊಟ್ಟೆಯ ಮಟ್ಟಕ್ಕೆ. ಮಲಂಗಸಾಬ ಹಿಂದೆ ಸರಿಯಲು ನೋಡಿದ, ರಾಮಲಿಂಗ ಎಡವಿದ. ಹಾವು ಮಂಡಿಯೂರಿತು. ತುಂಬಿದ ಹೊಟ್ಟೆ ಭರ್ಚಿಗೆ ಎದುರಾಗಿ ನಿಂತಿತು.

ಆಗ ರಾಜಕುಮಾರಿ ಗೂಟದಿಂದ ಕೈ ಬಿಡಿಸಿಕೊಂಡಳು.

ಗ್ವೆನ್ ಬಾಯಿ ಓಡಲಿಲ್ಲ. ನಡೆದುಕೊಂಡೇ ಹೋಗಿ ಕುದುರೆಗೂ ಹಾವಿಗೂ ನಡುವೆ ನಿಂತರು. ಸಾಹೇಬರು ಲಗಾಮು ಜಗ್ಗಿದ ರಭಸಕ್ಕೆ ಕುದುರೆ ಮುಂಗಾಲೆತ್ತಿ ಪಕ್ಕಕ್ಕೆ ಹೊರಳಿತು. ಧೂಳಿನಲ್ಲಿ ಗ್ವೆನ್ ಬಾಯಿ ತಮ್ಮ ನಡುವಿನ ನೀಲಿ ಪಟ್ಟಿ ಬಿಚ್ಚಿದರು. ಅದನ್ನು ಹಾವಿನ ಕೊರಳಿಗೆ ಹಾಕಿ ಒಂದು ಗಂಟು ಕಟ್ಟಿದರು. ಆಮೇಲೆ ಕರುವನ್ನು ಕರೆದುಕೊಂಡು ಹೋಗುವಂತೆ ಅದನ್ನು ಹಿಡಿದುಕೊಂಡು ಹೊರಟರು.

ಮೊದಲ ಸಾಲಿನಲ್ಲಿದ್ದ ಮುದುಕ ಪಾದ್ರಿ ಎದ್ದು ನಿಂತು ಏನೋ ಕೂಗಿ ಚಪ್ಪಾಳೆ ತಟ್ಟಿದರು. ಹಳೆಯ ಕಥೆಯಲ್ಲಿ ಇದು ಹೀಗೆಯೇ ಇದೆ, ರಾಜಕುಮಾರಿ ತನ್ನ ನಡುಪಟ್ಟಿಯಿಂದ ಅದನ್ನು ಕಟ್ಟಿ ಕರೆದೊಯ್ಯುತ್ತಾಳೆ, ಎಷ್ಟು ಚೆನ್ನಾಗಿ ನೆನಪಿಟ್ಟಿದ್ದೀರಿ ಎಂದರಂತೆ. ಮಲಂಗಸಾಬ ಆಮೇಲೆ ಹೇಳಿದ. ಪಾದ್ರಿಯನ್ನು ನೋಡಿ ಉಳಿದವರೂ ಚಪ್ಪಾಳೆ ತಟ್ಟಿದರು. ನಡುವೆ ಕುದುರೆಯ ಮೇಲೆ ಸಾಹೇಬರು ಭರ್ಚಿ ಹಿಡಿದುಕೊಂಡೇ ಇದ್ದರು. ಅದನ್ನು ಎಲ್ಲಿ ಇಡಬೇಕೆಂದು ಅವರಿಗೆ ತಿಳಿಯದಂತಿತ್ತು. ಗ್ವೆನ್ ಬಾಯಿ ಅವರ ಪಕ್ಕದಲ್ಲಿ ಹಾಯುವಾಗ ತಲೆಯೆತ್ತಿ ಒಂದು ಮಾತು ಹೇಳಿದರು. ಸಾಹೇಬರು ಮುಖ ತಿರುಗಿಸಿದರು.

ಶಂಕ್ರೆವ್ವ ಹಿತ್ತಲ ಗೇಟಿಗೆ ಓಡಿದಳು. ಮಲಂಗಸಾಬ, ರಾಮಲಿಂಗ ಇಬ್ಬರೂ ಹೊರಬಂದು ಬೆವರು ಒರೆಸಿಕೊಳ್ಳುತ್ತಿದ್ದರು. ಗ್ವೆನ್ ಬಾಯಿ ನೀಲಿ ಪಟ್ಟಿಯನ್ನು ಇನ್ನೂ ಹಿಡಿದುಕೊಂಡೇ ಇದ್ದರು.

"ಗಾಡ್ಯಾಗ ಹಾಕ್ರಿ. ತಿಕೋಟಾಕ್ಕ ಒಯ್ರಿ," ಎಂದರು. "ಕಥಿಯೊಳಗ ಮುಂದ ಅದನ್ನ ಕೊಲ್ಲತಾರ. ಪಾದ್ರಿಗೆ ಅದು ನೆನಪಾಗೂದ್ರಾಗ ಊರು ಬಿಡ್ರಿ."

"ನೀವು, ಬಾಯಾರ?"

"ನಾ ಒಳಗ ಹೋಗಬೇಕು. ಊಟ ಐತಿ. ಎಲ್ಲಾರು ನಿಂತು ಅರಸನ ಹಾಡು ಹಾಡಬೇಕು."

"ಸಾಹೇಬರು..."

"ಸಾಹೇಬರು ಇವತ್ತ ಸತ್ತ ತಮ್ಮನ್ನ ಎರಡನೇ ಸಲ ಕಳಕೊಂಡ್ರು. ಅದನ್ನೂ ನಾನ ನೋಡಕೋಬೇಕು." ಅಷ್ಟು ಹೇಳಿ ಅವರು ನಿಲುವಂಗಿಯ ಧೂಳು ಜಾಡಿಸಿಕೊಂಡು ಬಂಗಲೆಯ ಕಡೆ ನಡೆದರು. ಕಿರೀಟ ಓರೆಯಾಗಿತ್ತು. ಶಂಕ್ರೆವ್ವನಿಗೆ ಓಡಿಹೋಗಿ ಅದನ್ನು ಸರಿಮಾಡಬೇಕೆನಿಸಿತು. ಧೈರ್ಯ ಸಾಲಲಿಲ್ಲ. ಇನ್ನು ಈ ಬಂಗಲೆಯ ಗೇಟು ತನಗೆ ತೆರೆಯುವುದಿಲ್ಲ, ಸೀರೆಗಳೂ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಾಗಿತ್ತು. ಆದರೆ ಅವಳಿಗೆ ಸಂಕಟವಾದದ್ದು ಅದಕ್ಕಲ್ಲ. ತನಗೆ ಹೋಗಲು ಒಂದು ಊರಿತ್ತು, ಗಾಡಿಯಿತ್ತು. ಆ ಹೆಂಗಸು ಹೋಗಬೇಕಾದದ್ದು ಅದೇ ಸಾಹೇಬರ ಊಟದ ಮೇಜಿಗೆ.

*

ಬೆಳಗು ಹರಿಯುವಾಗ ಗಾಡಿ ತಿಕೋಟಾ ಮುಟ್ಟಿತು. ಲಕ್ಕವ್ವ ಬಾಗಿಲಲ್ಲೇ ಕೂತಿದ್ದಳು. ಅವಳು ಎದ್ದು ನಿಂತ ರೀತಿ, ಕಾಲಿಟ್ಟ ರೀತಿ, ಎಲ್ಲವನ್ನೂ ಶಂಕ್ರೆವ್ವ ಗಾಡಿಯಿಂದ ಇಳಿಯುವ ಮೊದಲೇ ನೋಡಿಯಾಗಿತ್ತು. ನೆಟ್ಟಗಿದ್ದಳು.

"ಎಲ್ಲಿ ಹೋಗಿದ್ದಿ ಬೇ? ನಿದ್ದಿ ಮಾಡಿಲ್ಲ ನಾ." ಗಾಡಿಯಲ್ಲಿದ್ದದ್ದನ್ನು ಕಂಡು ನಿಂತುಬಿಟ್ಟಳು. "ಇದ್ಯಾಕ ತಿರಿಗಿ ಬಂತು?"

"ಅವರಿಗೆ ಬ್ಯಾಡಾತಂತ."

ರಾಮಲಿಂಗ ಹಾವನ್ನು ಪಡಸಾಲೆಯಲ್ಲಿ ಇಳಿಸಿ ಎತ್ತಿಗೆ ನೀರು ಕುಡಿಸಲು ಹೋದ. ಲಕ್ಕವ್ವ ಬಾಗಲಾರದೆ, ಗೋಡೆ ಹಿಡಿದು ನಿಧಾನವಾಗಿ ಕೂತು, ಹರಿದ ಬೆನ್ನನ್ನು ನೋಡಿದಳು. ಕೈ ಮುಂದೆ ಚಾಚಿ ಹೊಟ್ಟೆಯ ತೇಪೆಯನ್ನು, ತನ್ನ ಹೊಲಿಗೆಯನ್ನು, ಈ ತುದಿಯಿಂದ ಆ ತುದಿಯವರೆಗೆ ತಡವಿದಳು. ಎಲ್ಲೂ ಬಿಚ್ಚಿರಲಿಲ್ಲ.

"ನೀ ಸೀರಿ ತರಾಕ ಹೋಗಿರಲಿಲ್ಲ."

"ಇಲ್ಲ."

"ಇದಕ್ಕ ಓಡಿ ಹೋಗಿದ್ದೆ. ನಾ ಹೇಳಿದ ಕೂಡಲೆ."

ಶಂಕ್ರೆವ್ವ ಸೂಜಿಗೆ ದಾರ ಪೋಣಿಸುವ ನೆವದಲ್ಲಿ ಬೆಳಕಿನ ಕಡೆ ತಿರುಗಿದಳು. ದಾರ ಹೋಗಲಿಲ್ಲ.

"ನನಗ್ಯಾಕ ಹೇಳಲಿಲ್ಲ ಯವ್ವಾ?"

"ಅಂಜಿದ್ದೆ," ಎಂದಳು ಶಂಕ್ರೆವ್ವ. ಈ ತಿಂಗಳುಗಳಲ್ಲಿ ಮಗಳೆದುರು ಒಮ್ಮೆಯೂ ಆಡದ ಮಾತು ಅದು. ಆಡಿದ ಮೇಲೆ ನಿಲ್ಲಲಿಲ್ಲ. "ಭಾಳ ಅಂಜಿದ್ದೆ ಲಕ್ಕಿ. ದಿನಾ ಅಂಜತೀನಿ. ನೀ ಭಾವಿ ಕಡಿ ಹೋದ್ರ ಅಂಜತೀನಿ, ನಕ್ಕರ ಅಂಜತೀನಿ."

"ನಾನೂ," ಎಂದಳು ಲಕ್ಕವ್ವ. "ನನ್ನತ್ತಿ ಗಾಲಿ ಹಿಡದು ಅಂದದ್ದ ನಾ ಕೇಳೀನಿ. ನೀ ಕೇಳಿಲ್ಲ ಅಂತ ತಿಳದಿದ್ದೆ. ನಿನ್ನ ಮುಂದ ಅಳಬಾರದಂತ ನಗತಿದ್ದೆ ಬೇ."

ಶಂಕ್ರೆವ್ವ ಸೂಜಿ ಕೆಳಗಿಟ್ಟು ಮಗಳ ಪಕ್ಕದಲ್ಲಿ ಕೂತಳು. ಹೊರಗೆ ರಾಮಲಿಂಗ ಎತ್ತುಗಳನ್ನು ಗದರಿಸುತ್ತಿದ್ದ. ಲಕ್ಕವ್ವ ಮುಖವನ್ನು ತಾಯಿಯ ಹೆಗಲಿಗೆ ಒತ್ತಿ, ಕಳೆದ ಎರಡು ಕೂಸುಗಳ ಹೆಸರು ಹೇಳಿ ಅತ್ತಳು. ಅವಕ್ಕೆ ಅವಳು ಹೆಸರಿಟ್ಟಿದ್ದಳು ಎಂಬುದೇ ಶಂಕ್ರೆವ್ವನಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.